ಮಣ್ಣು ಬಿಟ್ಟುಕೊಡದ ನೀರು

ಅಪ್ಪಾ,

ನೀನು ಇದನ್ನು ಓದಲಾರೆ. ಆದರೂ ಇವತ್ತಿನದನ್ನು ನಿನಗೇ ಹೇಳಬೇಕು.

ಸೆಗೆದ್ ಪಟ್ಟಣದಿಂದ ಮಣ್ಣು ಪರೀಕ್ಷೆ ಮಾಡುವ ಚೆಂಗೆ ಎಂಬ ಹುಡುಗಿ ನಮ್ಮ ಹೊಲಕ್ಕೆ ಬಂದಿದ್ದಳು. ಕಳೆದ ವಾರ ಒಂದು ಹಿಡಿ ಮಣ್ಣು ಒಯ್ದಿದ್ದಳು. ಅದರಲ್ಲಿ ಮರಳೆಷ್ಟು, ಜೇಡಿಯೆಷ್ಟು ಎಂದು ಅಳೆದು, ಅಷ್ಟರಿಂದಲೇ ಈ ಮಣ್ಣು ನೀರನ್ನು ಹೇಗೆ ಹಿಡಿದಿಡುತ್ತದೆ ಎಂದು ಲೆಕ್ಕ ಹಾಕಿ, ಅದನ್ನು ಕಾಗದದ ಮೇಲೆ ಒಂದು ಬಾಗಿದ ಗೆರೆಯಾಗಿ ಬರೆದು ತಂದಿದ್ದಳು.

ಪಕ್ಕದ ಹೊಲದ ಬೋಲ್ಡಿಜಾರ್ ಮಾಮನೂ ಬಂದ. "ನಮ್ಮದು ನಿಮಿಷದ ಮಣ್ಣು ಕಣಮ್ಮ. ಬೆಳಿಗ್ಗೆ ಅಂಟು, ಊಟದ ಹೊತ್ತಿಗೆ ಕಲ್ಲು. ಉಳೋ ನಿಮಿಷ ಯಾವುದು ಅಂತ ದೇವರ ಹತ್ರ ಹೋದ ಇವಳಪ್ಪ ಮಣ್ಣು ಹಿಂಡಿ ಹೇಳ್ತಿದ್ದ. ಅದೇ ಕೈ ಏಪ್ರಿಕಾಟ್ ಸಸಿನೆಲ್ಲ ಒಣಗಿಸ್ತು. ತೇವ ಇದೆ, ನೀರು ಬೇಡ ಅಂದ ಮಹಾರಾಯ" ಎಂದು ನಕ್ಕ.

ಚೆಂಗೆ ಗೆರೆಯ ಮೇಲೆ ಬೆರಳಿಟ್ಟಳು. "ತೇವ ಇತ್ತು ಮಾಮ. ಆದ್ರೆ ಇಷ್ಟಕ್ಕಿಂತ ಕಮ್ಮಿಯಾದ್ರೆ ಉಳಿದ ನೀರನ್ನ ಈ ಜೇಡಿ ಬಿಡಲ್ಲ. ಬೇರು ಎಷ್ಟು ಎಳೆದ್ರೂ ಬರಲ್ಲ. ಕೈಗೆ ಮಾತ್ರ ತೇವಾನೇ. ಯಾರ ಕೈಗಾದ್ರೂ."

ಮಾಮ ಟೋಪಿ ತೆಗೆದು ನೆಲ ನೋಡುತ್ತ ನಿಂತ.

ನನ್ನ ಮೈ ಜುಮ್ಮೆಂದಿತು. ನಾವು ಓಡಾಡಿದ ನೆಲದೊಳಗೆ ಅಷ್ಟು ನೀರು ಯಾವ ಬೇರಿಗೂ ಸಿಗದೆ, ಮಣ್ಣಿನ ಕಣಕಣವನ್ನೂ ತಬ್ಬಿಕೊಂಡು ಕೂತಿದೆ. ಯಾರ ಕಣ್ಣಿಗೂ ಕಾಣದ ಅದನ್ನು ಒಂದು ಗೆರೆ ಕಂಡಿದೆ.

ಸಸಿಗಳು ಒಣಗಿದ ಆ ಬೇಸಿಗೆ, ಮೇಜಿನ ಸುತ್ತ ಎಲ್ಲರೂ ನಿನ್ನ ಮಾತಿಗೆ ನಕ್ಕಾಗ ನೀನು ನನ್ನ ಕಡೆ ನೋಡಿದ್ದೆ. ನಾನು ಬ್ರೆಡ್ಡು ಕೊಯ್ಯುತ್ತಲೇ ಇದ್ದೆ. ಆಮೇಲೆ ನೀನು ಮತ್ತೆಂದೂ ಮಣ್ಣು ಹಿಂಡಿ ನೋಡಲಿಲ್ಲ.

ಇವತ್ತು ಸಂಜೆ ಆ ಹಳೆಯ ಸಸಿಗಳಿದ್ದ ಜಾಗದಲ್ಲೇ ಒಂದು ಏಪ್ರಿಕಾಟ್ ಸಸಿ ನೆಟ್ಟೆ. ಬುಡದ ಮಣ್ಣನ್ನು ನಿನ್ನ ಹಾಗೇ ಹಿಂಡಿದೆ. "ತೇವ ಇದೆ, ಅಪ್ಪ ಹೇಳಿದ್ದು ನಿಜ" ಎಂದೆ, ಬೇಲಿಯಾಚೆ ಮಾಮನಿಗೂ ಕೇಳುವಷ್ಟು ಗಟ್ಟಿಯಾಗಿ. ಆಮೇಲೆ ನೀರು ಹಾಕಿದೆ.