ಟೋಯಿಂಗ್ ಲಾರಿಯ ಹಿಂದೆ ತೆವಳಿದವನು ಬರೆಯುವುದು

ತುಮಕೂರು ನಗರದ ವಾಹನ ದಟ್ಟಣೆ ನಿವಾರಣೆಯ ಆದೇಶಕ್ಕೆ ಸಹಿ ಹಾಕಿದ ಅಧಿಕಾರಿಗಳಿಗೆ,

ಮಾನ್ಯರೇ,

ಯುಗಾದಿ ಕಳೆದು ಮದುವೆ ಬಟ್ಟೆಯ ವ್ಯಾಪಾರ ಬಿಸಿಯಾಗಿದ್ದ ಒಂದು ಮಧ್ಯಾಹ್ನ, ತಮ್ಮ ಟೋಯಿಂಗ್ ಲಾರಿ ಪೇಟೆ ಬೀದಿಯಿಂದ ನನ್ನ ಸ್ಕೂಟರನ್ನು ಎತ್ತಿಕೊಂಡು ಹೋಯಿತು. ಹಿಂದಿನ ಗಾಲಿಯ ಅಕ್ಕಪಕ್ಕ ಎರಡು ಚಕ್ರ ಜೋಡಿಸಿದ, ಯಾರು ನೋಡಿದರೂ ಅಂಗವಿಕಲನದೆಂದು ಗೊತ್ತಾಗುವ ಸ್ಕೂಟರ್ ಅದು. ಅದರ ಕ್ಲಿಪ್ಪಿಗೆ ಸಿಕ್ಕಿಸಿದ್ದ ನನ್ನ ಎರಡು ಊರುಗೋಲುಗಳೂ ಅದರ ಜೊತೆಗೇ ಹೋದವು. ಎಳವೆಯಲ್ಲಿ ಪೋಲಿಯೊ ಬಂದು ನನ್ನ ಎರಡೂ ಕಾಲುಗಳನ್ನು ತೆಗೆದುಕೊಂಡಿತ್ತು. ಉಳಿದಿದ್ದನ್ನು ತಾವು ತೆಗೆದುಕೊಂಡಿರಿ. ಪೋಲಿಯೊ ದಂಡ ಕೇಳಿರಲಿಲ್ಲ ಎಂಬುದಷ್ಟೇ ವ್ಯತ್ಯಾಸ.

ನಾನು ನಿಯಮಗಳ ಶತ್ರು ಎಂದು ತಾವು ಭಾವಿಸಬಾರದು. ಗುಬ್ಬಿಯಲ್ಲಿ ಸೈಟು, ತೋಟಗಳ ಕ್ರಯಪತ್ರ ಬರೆದು ಬದುಕುವವನು ನಾನು. ಯಾವ ಜಮೀನಿನ ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಏನು ಎಂದು ಚೆಕ್ಕುಬಂದಿ ಬರೆಯದೆ ಒಂದು ಪತ್ರವನ್ನೂ ಮುಗಿಸಿದವನಲ್ಲ. ಆದ್ದರಿಂದಲೇ ತಮ್ಮ ಆದೇಶ ಪತ್ರಿಕೆಯಲ್ಲಿ ಬಂದ ದಿನ ಗೌರವದಿಂದ ಓದಿದೆ. ಖಾಸಗಿ ಬಸ್ಸುಗಳು ಪೇಟೆಯೊಳಗೆ ಬರಕೂಡದು ಎಂದಿತ್ತು. ದ್ವಿಚಕ್ರ ವಾಹನಗಳು ಒಂದು ದಿನ ಬೀದಿಯ ಎಡಬದಿಯಲ್ಲಿ, ಮರುದಿನ ಬಲಬದಿಯಲ್ಲಿ ಮಾತ್ರ ನಿಲ್ಲಬೇಕು, ತಪ್ಪಿದರೆ ಎತ್ತಲಾಗುವುದು ಎಂದಿತ್ತು. ಕಾರುಗಳ ವಿಷಯದಲ್ಲಿ ತಮ್ಮ ಲೇಖನಿ ಸ್ವಲ್ಪ ಮೃದುವಾಗಿತ್ತು: ಚಾಲಕ ಒಳಗೆ ಇಲ್ಲದಿದ್ದರೆ ಮಾತ್ರ ಚಕ್ರಕ್ಕೆ ಬೀಗ ಹಾಕಲಾಗುವುದು. ಕಾಲಿಲ್ಲದವನು ಎಲ್ಲಿ ನಿಲ್ಲಬೇಕು ಎಂಬ ಬಗ್ಗೆ ಒಂದು ಅಕ್ಷರವಿರಲಿಲ್ಲ. ಇಂಥ ಪತ್ರವನ್ನು ನಾನು ಬರೆದಿದ್ದರೆ ಕಕ್ಷಿದಾರ ಅದನ್ನು ನನ್ನ ಮುಖಕ್ಕೆ ಎಸೆಯುತ್ತಿದ್ದ.

ಸ್ಕೂಟರ್ ಯಾಕೆ ತಂದಿರಿ, ಬಸ್ಸಿನಲ್ಲಿ ಬರಬಹುದಿತ್ತಲ್ಲ ಎಂದು ತಾವೇ ಮುಂದೆ ನನ್ನನ್ನು ಕೇಳಿದಿರಿ. ಬರುತ್ತಿದ್ದೆ ಸ್ವಾಮಿ, ವರ್ಷಗಟ್ಟಲೆ ಬಸ್ಸಿನಲ್ಲೇ ಬರುತ್ತಿದ್ದೆ. ಗುಬ್ಬಿಯ ಖಾಸಗಿ ಬಸ್ಸು ಪೇಟೆ ಬೀದಿಯ ಮೂಲೆಯಲ್ಲೇ ನಿಲ್ಲುತ್ತಿತ್ತು. ಕಂಡಕ್ಟರ್ ಮೂಡಲಗಿರಿಯಪ್ಪ ನನ್ನ ಕಂಕುಳಿಗೆ ಕೈ ಕೊಟ್ಟು, “ಹುಷಾರು ಚನ್ನವೀರಣ್ಣ, ನಿಧಾನ” ಎನ್ನುತ್ತಾ ಇಳಿಸುತ್ತಿದ್ದ. ತಮ್ಮ ಆದೇಶದ ನಂತರ ಆ ಬಸ್ಸು ಊರಾಚೆ ನಿಲ್ಲುತ್ತದೆ. ಅಮೃತೂರು, ಹುಲಿಯೂರುದುರ್ಗದ ಕಡೆಯಿಂದ ಬರುವವರದೂ ಇದೇ ಪಾಡು. ಅಲ್ಲಿಂದ ಪೇಟೆಗೆ ಕಾಲಿದ್ದವರು ನಡೆಯುತ್ತಾರೆ, ಕಾಸಿದ್ದವರು ಆಟೋ ಹತ್ತುತ್ತಾರೆ, ಉಳಿದವರು ಸಾಲ ಮಾಡಿಯಾದರೂ ಒಂದು ಗಾಡಿ ಕೊಂಡು ಅದೇ ಪೇಟೆಗೆ ಬರುತ್ತಾರೆ. ಒಂದು ಬಸ್ಸಿನ ತುಂಬ ಬರುತ್ತಿದ್ದ ಜನ ಈಗ ಒಬ್ಬೊಬ್ಬರೂ ಒಂದೊಂದು ಗಾಡಿಯಲ್ಲಿ ಬರುವಂತೆ ಮಾಡಿ ದಟ್ಟಣೆ ಇಳಿಸಲು ಹೊರಟ ತಮ್ಮ ಬುದ್ಧಿಗೆ ನಾನು ಕೈ ಮುಗಿಯುತ್ತೇನೆ. ಕೈಗಳಾದರೂ ನನಗೆ ಸರಿಯಾಗಿವೆ.

ಇನ್ನು ಆ ದಿನದ ಸಂಗತಿ. ನನ್ನ ಒಬ್ಬಳೇ ಮಗಳು ನಂದಿತಾ ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಿಸುವ ಲ್ಯಾಬಿನಲ್ಲಿದ್ದಾಳೆ. ಅದೇ ಕಾರ್ಖಾನೆಯಲ್ಲಿ ಕುಣಿಗಲ್ಲಿನ ಪ್ರಭುದೇವ ಎಂಬ ಹುಡುಗ. ಇಬ್ಬರೂ ಮೆಚ್ಚಿಕೊಂಡಿದ್ದರು. ನನಗೂ ಹುಡುಗ ಹಿಡಿಸಿದ್ದ. ಮೊದಲ ಸಲ ಮನೆಗೆ ಬಂದಾಗ ನನ್ನ ಪಕ್ಕ ಚಾಪೆಯ ಮೇಲೇ ಕೂತು ಊಟ ಮಾಡಿದ್ದ. ಆ ಒಂದು ಕಾರಣಕ್ಕೇ ನನ್ನ ಹೆಂಡತಿ ಉಮಾಮಹೇಶ್ವರಿ ಅವನಿಗೆ ಎರಡು ಸಲ ತುಪ್ಪ ಬಡಿಸಿದ್ದಳು. ನಿಶ್ಚಿತಾರ್ಥದ ಸೀರೆ ತೆಗೆಯಲು ಎರಡೂ ಮನೆಯವರು ಪೇಟೆ ಬೀದಿಯ ಅಂಗಡಿಯಲ್ಲಿ ಸೇರುವುದೆಂದು ಮಾತಾಗಿತ್ತು. ಅಮ್ಮ ಮಗಳು ಬಸ್ಸಿನಲ್ಲಿ ಬಂದು ಊರಾಚೆಯಿಂದ ಬಿಸಿಲಲ್ಲಿ ನಡೆದರು. ನಾನು ಗುಬ್ಬಿಯಿಂದ ಸ್ಕೂಟರಿನಲ್ಲಿ ಬಂದೆ.

ಬಲಬದಿಯಲ್ಲಿ ಗಾಡಿ ನಿಲ್ಲಿಸಬಹುದಾದ ದಿನ ಅದು. ಬಲಬದಿಯ ತುಂಬ ಕಾರುಗಳು ನಿಂತಿದ್ದವು, ಒಳಗೆ ಒಬ್ಬೊಬ್ಬ ಚಾಲಕ ಕೂತು ಮೊಬೈಲ್ ನೋಡುತ್ತಿದ್ದ. ಬೀದಿಯ ಕೊನೆಯತನಕ ಹೋಗಿ ಬಂದೆ, ಜಾಗವಿಲ್ಲ. ಕೊನೆಗೆ ಅಂಗಡಿಯ ಮುಂದೆ, ಎಡಬದಿಯಲ್ಲಿ ನಿಲ್ಲಿಸಿದೆ. ತಪ್ಪೇ, ಒಪ್ಪುತ್ತೇನೆ. ಊರುಗೋಲನ್ನು ಗಾಡಿಯಲ್ಲೇ ಬಿಟ್ಟೆ, ಯಾಕೆಂದರೆ ಆ ಅಂಗಡಿಯ ಹೊಳೆಯುವ ಗ್ರಾನೈಟ್ ಮೇಲೆ ಊರುಗೋಲು ಜಾರುತ್ತದೆ. ನಂದಿತಾಳ ಭುಜ ಹಿಡಿದು ಮೆಟ್ಟಿಲು ಹತ್ತಿ ಬಾಗಿಲ ಬಳಿಯ ಬಿಳಿ ಹಾಸಿಗೆಯ ಮೇಲೆ ಕೂತೆ. ಪ್ರಭುದೇವನ ತಾಯಿಯೂ ಸೇರಿ ಹೆಂಗಸರು ರೇಷ್ಮೆ ನೋಡಲು ಮಹಡಿಗೆ ಹೋದರು.

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿದ್ದ ಅಂಗಡಿಯವನು ಕೂಗಿದ: “ಯಾರ್ದ್ರೀ ಸೈಡ್ ವೀಲ್ ಗಾಡಿ? ಎತ್ತಾಕ್ತಾವ್ರೆ ನೋಡಿ!”

ನಾನು ಹೇಗೆ ಹೊರಗೆ ಬಂದೆ ಎಂದು ವಿವರಿಸಲು ನಾಚಿಕೆಯಿದೆ, ಆದರೂ ತಮ್ಮ ತಿಳುವಳಿಕೆಗಾಗಿ ಬರೆಯುತ್ತೇನೆ. ಅಂಗೈ ಊರಿ, ಸೊಂಟ ಎಳೆದುಕೊಂಡು, ಗ್ರಾನೈಟ್ ದಾಟಿ, ಮೆಟ್ಟಿಲುಗಳನ್ನು ಒಂದೊಂದಾಗಿ ಕುಂಡಿಯ ಮೇಲೆ ಇಳಿದು ರಸ್ತೆಗೆ ಬಂದೆ. ಸ್ಕೂಟರ್ ಅಷ್ಟರಲ್ಲಿ ಲಾರಿಯ ಮೇಲಿತ್ತು.

“ಸಾರ್, ಅದು ನಂದು! ಗಾಡಿ ತಗೊಂಡೋಗಿ, ಊರುಗೋಲು ಕೊಟ್ಬುಡಿ!”

ಲಾರಿಯ ಮುಂದಿನಿಂದ ಮೈಕ್ ಮಾತಾಡಿತು: “ಏನಿದ್ರೂ ಸ್ಟೇಷನ್ ಹತ್ರ ಬನ್ನಿ. ಆರ್.ಸಿ., ಲೈಸೆನ್ಸ್ ತಗೊಂಡ್ ಬನ್ನಿ. ರಸ್ತೆ ಬಿಡಿ, ರಸ್ತೆ ಬಿಡಿ.”

“ಹೆಂಗೆ ಬರ್ಲಿ ಸಾರ್?”

“ಆಟೋದಲ್ಲಿ ಬನ್ರೀ!”

ಲಾರಿ ಹೊರಟಿತು. ಹೊರಟಿತು ಅಂದರೆ, ಸ್ವಲ್ಪ ದೂರ ಹೋಗಿ ನಿಂತಿತು. ದಟ್ಟಣೆ ನಿವಾರಿಸಲು ಬಂದ ಲಾರಿ ದಟ್ಟಣೆಯಲ್ಲೇ ಸಿಕ್ಕಿಕೊಂಡಿತ್ತು ಮಾನ್ಯರೇ. ಆ ಲಾರಿ ವೇಗವಾಗಿ ಹೋಗಿಬಿಟ್ಟಿದ್ದರೆ ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಬಯ್ದುಕೊಂಡು ಸುಮ್ಮನಾಗುತ್ತಿದ್ದೆ. ಅದು ನಿಂತಿತು. ನನ್ನ ಊರುಗೋಲಿನ ರಬ್ಬರ್ ಬುಡ ಕಣ್ಣಿಗೆ ಕಾಣುವಷ್ಟು ಹತ್ತಿರ ನಿಂತಿತು. ನನಗೆ ಆಸೆ ಹುಟ್ಟಿತು. ನಾನು ತೆವಳಿದೆ.

ಚೈತ್ರದ ಮಧ್ಯಾಹ್ನದ ಡಾಂಬರು ಹೇಗಿರುತ್ತದೆಂದು ತಮಗೆ ಗೊತ್ತಿರಲಾರದು. ಅಂಗೈಯಲ್ಲಿ ಬೊಬ್ಬೆ ಎದ್ದದ್ದು ಆಮೇಲೆ ತಿಳಿಯಿತು. ಬೈಕಿನವರು ಬಳಸಿಕೊಂಡು ಹೋದರು. ಒಂದು ಕಾರಿನ ಕಿಟಕಿಯಿಂದ ಒಬ್ಬ ಹೆಂಗಸು ನನ್ನನ್ನು ಬಗ್ಗಿ ನೋಡಿ, ಕೆಟ್ಟ ದನಿಯಲ್ಲೇನೂ ಅಲ್ಲ, “ಮುಂದಕ್ಕೋಗಪ್ಪ, ಚಿಲ್ರೆ ಇಲ್ಲ” ಅಂದರು. ಬೀಗರನ್ನು ಕಾಣಲೆಂದು ಇಸ್ತ್ರಿ ಮಾಡಿಸಿದ ಬಿಳಿ ಅಂಗಿ ತೊಟ್ಟಿದ್ದೆ ನಾನು. ಲಾರಿಯ ಹಿಂಬದಿ ತಲುಪಿ ತಗಡಿನ ಮೇಲೆ ಬಡಿದೆ. ಮೇಲಿದ್ದ ಕೂಲಿಯವನು ಕೆಳಗೆ ನೋಡಿದ. ಊರುಗೋಲಿಗೆ ಕೈ ಹಾಕಿದ ಕೂಡ. ಅಷ್ಟರಲ್ಲಿ ದಾರಿ ಬಿಟ್ಟಿತು, ಲಾರಿ ಎಗರಿಕೊಂಡು ಮುಂದೆ ಹೋಯಿತು. ಅದರ ಹೊಗೆ ನನ್ನ ಬಾಯೊಳಗೆ.

ಮುಖ ಒರೆಸಿಕೊಂಡು ಪಕ್ಕಕ್ಕೆ ತಿರುಗಿದರೆ ಬಲಬದಿಯ ಕಾರುಗಳ ಸಾಲಿನಲ್ಲಿ ಪ್ರಭುದೇವನ ಕಾರು. ಕಿಟಕಿ ಅರ್ಧ ಇಳಿದಿತ್ತು. ಸ್ಟೀರಿಂಗ್ ಮುಂದೆ ಅವನೇ ಕೂತಿದ್ದ. ಅವನು ನನ್ನನ್ನು ನೋಡಿದ. ನಾನು ಅವನನ್ನು ನೋಡಿದೆ.

“ಪ್ರಭು” ಎಂದೆ.

ಅವನು ಕಿಟಕಿಯ ಗಾಜು ಏರಿಸಿದ.

ಏರಿಸುವಾಗ ಕಣ್ಣು ತಗ್ಗಿಸಿದ, ಅದನ್ನೂ ಹೇಳಬೇಕು. ಆ ಕಪ್ಪು ಗಾಜಿನ ಮುಂದೆ ನಾನು ಎಷ್ಟು ಹೊತ್ತು ಕೂತಿದ್ದೆನೋ. ಮಹಡಿಯ ಕಿಟಕಿಯಿಂದ ಎಲ್ಲವನ್ನೂ ನೋಡಿದ ನಂದಿತಾ ಬರಿಗಾಲಲ್ಲಿ ಓಡಿ ಬಂದಳು. ನನ್ನ ಮುಂದೆ ಬೆನ್ನು ಕೊಟ್ಟು ಕುಕ್ಕರಿಸಿದಳು.

“ಕುತ್ತಿಗೆಗೆ ಕೈ ಹಾಕಿ ಅಪ್ಪ.”

“ಬ್ಯಾಡ ಕಣಮ್ಮ, ಜನ ನೋಡ್ತಾವ್ರೆ.”

“ನೋಡ್ಲಿ. ಹಾಕಿ.”

ಹೊತ್ತುಕೊಂಡು ಎದ್ದಳು. ಎದ್ದವಳು ಅಂಗಡಿಯ ಕಡೆ ಹೋಗಲಿಲ್ಲ, ಎರಡು ಹೆಜ್ಜೆ ಇಟ್ಟು ಆ ಗಾಜಿನ ಮೇಲೆ ಬೆರಳ ಗೆಣ್ಣಿನಿಂದ ಬಡಿದಳು. ಗಾಜು ಇಳಿಯಿತು. ಪ್ರಭುದೇವನ ಮುಖ ಬಿಳಿಚಿಕೊಂಡಿತ್ತು.

“ಇಳಿದಿದ್ರೆ ಕಾರಿಗೆ ಲಾಕ್ ಹಾಕ್ಬುಡ್ತಿದ್ರು ನಂದಿತಾ. ಅವ್ರು ಇಲ್ಲೇ ಇದ್ರು. ಅಮ್ಮ ಬೇರೆ, ಏನೇ ಆದ್ರೂ ಕಾರ್ ಬಿಟ್ಟು ಇಳೀಬೇಡ ಅಂದಿದ್ರು...”

ನನ್ನ ಭಾರಕ್ಕೆ ಅವಳ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. “ಸರಿ ಪ್ರಭು” ಎಂದಳು. “ಕೂತಿರು. ಅಲ್ಲೇ ಕೂತಿರು.”

ಅಂಗಡಿಯೊಳಗೆ, ಅಷ್ಟರಲ್ಲಿ ಮಹಡಿಯಿಂದ ಇಳಿದು ಬಂದಿದ್ದ ಅವನ ತಾಯಿ ತೊಡೆಯ ಮೇಲೆ ಹಸಿರು ಸೀರೆಯೊಂದನ್ನು ಹರಡಿಕೊಂಡು, “ಗಾಡಿ ತಾನೇ ಬೀಗರೇ, ಬಿಡಿಸ್ಕೊಂಡ್ರಾಯ್ತು ಬುಡಿ. ನಂದಿತಾ, ಈ ಅಂಚು ನೋಡವ್ವ” ಎಂದರು. ನಂದಿತಾ ನನ್ನನ್ನು ಹಾಸಿಗೆಯ ಮೇಲೆ ಇಳಿಸಿ, ಆ ಸೀರೆಯನ್ನು ತೆಗೆದುಕೊಂಡು ಅಂಗಡಿಯವನ ಕೈಗೆ ಕೊಟ್ಟು, “ಮಡಿಸಿ ಇಟ್ಬುಡಿ ಅಣ್ಣ, ಬೇಕಾಗಿಲ್ಲ” ಎಂದಳು. ಮದುವೆಯ ಮಾತು ಅಲ್ಲಿಗೆ ಮುಗಿಯಿತು.

ಸ್ಕೂಟರ್ ಬಿಡಿಸಿಕೊಳ್ಳಲು ಹೋದಾಗ ಬಲಗಡೆಯ ಚಕ್ರ ಸೊಟ್ಟಗಾಗಿತ್ತು, ಊರುಗೋಲು ಒಂದೇ ಇತ್ತು. ಇನ್ನೊಂದು ಎಲ್ಲಿ ಎಂದು ಕೇಳಿದರೆ, “ಒಂದೇ ಬಂದಿರೋದು” ಎಂಬ ಉತ್ತರ. ಮುಂದಿನ ಕುಂದುಕೊರತೆ ಸಭೆಯಲ್ಲಿ ತಮ್ಮನ್ನೇ ಕಂಡೆ. ತಾವು ತಡವಾಗಿ ಬಂದಿರಿ. ದಾರಿಯಲ್ಲಿ ಜಾಮ್ ಇತ್ತಂತೆ. ನಾನು ಹೇಳಿದ್ದನ್ನೆಲ್ಲ ಕೇಳಿ ತಾವು ಮೊದಲು ಗಾಡಿಗೆ ಅಂಗವಿಕಲರ ಸ್ಟಿಕ್ಕರ್ ಇತ್ತೇ ಎಂದು ಕೇಳಿದಿರಿ. ಅಕ್ಕಪಕ್ಕದ ಎರಡು ಚಕ್ರ ಕಾಣದವರಿಗೆ ಸ್ಟಿಕ್ಕರ್ ಕಾಣುತ್ತಿತ್ತೇ? ಆಮೇಲೆ ಬಸ್ಸಿನ ಮಾತು ಬಂತು. ಕೊನೆಗೆ ಎದ್ದು ಬಂದು ನನ್ನ ಕೈ ಹಿಡಿದು, “ನಿಮ್ಮಂಥವರು ನಮಗೆಲ್ಲ ಸ್ಫೂರ್ತಿ” ಎಂದಿರಿ. ಯಾರೋ ಫೋಟೊ ತೆಗೆದರು. ಬೊಬ್ಬೆ ಒಡೆದ ಅಂಗೈಯನ್ನು ತಾವು ಎಷ್ಟು ಗಟ್ಟಿಯಾಗಿ ಒತ್ತಿದಿರೆಂದರೆ ನನ್ನ ಕಣ್ಣಲ್ಲಿ ನೀರು ಬಂತು. ಆ ಫೋಟೊ ನೋಡಿದವರು ನಾನು ಭಾವುಕನಾಗಿದ್ದೆ ಎಂದುಕೊಂಡಿದ್ದಾರೆ.

ನನ್ನ ಮನೆಯ ಸ್ಥಿತಿ ಹೀಗಿದೆ. ನಂದಿತಾ ಈಗಲೂ ತುಮಕೂರಿನಿಂದ ಕಾರ್ಖಾನೆಯ ಬಸ್ಸಿನಲ್ಲೇ ಹೋಗುತ್ತಾಳೆ. ಪ್ರಭುದೇವನೂ ಅದೇ ಬಸ್ಸಿನಲ್ಲಿ. ಅವಳು ಮುಂದೆ, ಅವನು ಹಿಂದೆ. ಅವನು ಕೆಟ್ಟವನೆಂದು ಅವಳು ಒಂದು ಮಾತೂ ಆಡಿಲ್ಲ. ಆಡಿದ್ದರೆ ನನಗೆ ಸುಲಭವಾಗುತ್ತಿತ್ತು. ಮನೆಗೆ ಬಂದವಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಹೊರಗೆ ಬರುವುದಿಲ್ಲ. ಉಮಾಮಹೇಶ್ವರಿ ನನ್ನನ್ನು ಒಂದೇ ಒಂದು ಪ್ರಶ್ನೆ ಕೇಳಿದಳು: “ಗಾಡಿ ಹೋದ್ರೆ ಹೋಗ್ತಿತ್ತು. ನೀವು ಒಳಗೇ ಕೂತಿದ್ರೆ ಏನಾಗ್ತಿತ್ತು?” ನಾನು ಕೂತಿದ್ದರೆ ಅವನು ಕೂತದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ, ಮದುವೆ ನಡೆಯುತ್ತಿತ್ತು. ಒಬ್ಬ ಹೇಡಿಯನ್ನು ನಿಶ್ಚಿತಾರ್ಥಕ್ಕೆ ಮೊದಲೇ ತೋರಿಸಿಕೊಟ್ಟದ್ದಕ್ಕೆ ತಮಗೆ ಕೃತಜ್ಞನಾಗಿರಬೇಕೆಂದು ನನ್ನ ಹಿತೈಷಿಗಳು ಹೇಳುತ್ತಾರೆ. ಆದರೆ ಆ ಹುಡುಗ ಹುಟ್ಟು ಹೇಡಿಯೇನೂ ಅಲ್ಲ. ಬೇರೆ ಬೀದಿಯಲ್ಲಾಗಿದ್ದರೆ ಇಳಿದು ಬರುತ್ತಿದ್ದನೇನೋ. ಮನುಷ್ಯನನ್ನು ಎತ್ತಲು ಇಳಿದರೆ ಶಿಕ್ಷೆ, ನೋಡುತ್ತ ಕೂತರೆ ಕ್ಷೇಮ ಎಂಬ ನಿಯಮ ಬರೆದವರು ತಾವು. ಅವನು ಅದನ್ನು ಪಾಲಿಸಿದ. ತಮ್ಮ ಆದೇಶವನ್ನು ಅಷ್ಟು ಶ್ರದ್ಧೆಯಿಂದ ಪಾಲಿಸಿದ ಇನ್ನೊಬ್ಬ ನಾಗರಿಕ ಈ ಜಿಲ್ಲೆಯಲ್ಲಿ ತಮಗೆ ಸಿಗಲಾರ.

ಈ ಪತ್ರ ಪತ್ರಿಕೆಗೆ ಕಳಿಸುವ ಮೊದಲು ನಂದಿತಾಳಿಗೆ ಓದಲು ಕೊಟ್ಟೆ. ಅವಳ ವಿಷಯ ತೆಗೆದುಹಾಕಲೇ ಎಂದು ಕೇಳಿದೆ. “ಬೇಡ ಅಪ್ಪ. ಬರೀ ಗಾಡಿ ಹೋಯ್ತು ಅಂದ್ರೆ ಅವ್ರು ಇನ್ನೊಂದು ಸ್ಟಿಕ್ಕರ್ ಕೊಡ್ತಾರೆ. ಹೋಗಿದ್ದೇನು ಅಂತ ಬರೀರಿ” ಎಂದಳು.

ಆದ್ದರಿಂದ ಬರೆದಿದ್ದೇನೆ. ಪೇಟೆಯ ಪ್ರತಿ ಬೀದಿಯಲ್ಲೂ ನನ್ನಂಥವರ ಗಾಡಿಗೆ ಜಾಗ ಗುರುತಿಸಿ ಬಣ್ಣ ಬಳಿಸಿ, ಅಲ್ಲಿ ಕಾರು ನಿಂತರೆ ಚಾಲಕ ಒಳಗಿದ್ದರೂ ಬೀಗ ಹಾಕಿಸಿ. ಗುಬ್ಬಿ, ಕುಣಿಗಲ್ ಕಡೆಯ ಬಸ್ಸುಗಳು ಮತ್ತೆ ಪೇಟೆಯ ಮೂಲೆಯವರೆಗೆ ಬರಲಿ. ಅವು ಬಂದರೆ ಅರ್ಧ ಗಾಡಿಗಳು ತಾವಾಗಿಯೇ ಮನೆಯಲ್ಲಿ ಉಳಿಯುತ್ತವೆ. ಗಾಡಿ ಎತ್ತುವ ಮೊದಲು ಅದು ಯಾರದ್ದೆಂದು ಎದುರಿನ ಅಂಗಡಿಯಲ್ಲಿ ಒಂದು ಮಾತು ಕೇಳುವ ಕಷ್ಟವನ್ನು ಆ ಮೈಕಿನವರು ತೆಗೆದುಕೊಳ್ಳಲಿ. ಇದಕ್ಕೆ ತಮ್ಮ ಉತ್ತರ ಇದೇ ಪತ್ರಿಕೆಯಲ್ಲಿ, ಎಲ್ಲರೂ ಓದುವಂತೆ ಬರಲಿ. ದಯಮಾಡಿ ಯಾರೂ ಹೂಗುಚ್ಛ ಹಿಡಿದು ನನ್ನ ಮನೆಗೆ ಬರಬೇಡಿ.

ಒಮ್ಮೆ ತಾವೇ ಆ ರಸ್ತೆಯಲ್ಲಿ ತೆವಳಿ ನೋಡಿ ಎಂದು ನಾನು ಕೇಳುವುದಿಲ್ಲ. ಅದಕ್ಕೆ ಚಿಕ್ಕಂದಿನಿಂದ ಅಭ್ಯಾಸವಿರಬೇಕು, ತಮ್ಮಿಂದ ಆಗುವುದಿಲ್ಲ.

ಇಂತಿ,
ತಮ್ಮ ಲಾರಿಯ ತಗಡನ್ನು ಮುಟ್ಟಿಯೂ ತನ್ನ ಊರುಗೋಲನ್ನು ತಲುಪಲಾರದೆ ಹೋದ,
ಚನ್ನವೀರಯ್ಯ
ದಸ್ತಾವೇಜು ಬರಹಗಾರ, ಗುಬ್ಬಿ