ನಾನು, ನಾನೂ

ಅಕ್ಕಾ, ನಾವು ಕೊನೆಯ ಸಲ ಒಟ್ಟಿಗೆ ಓಡಲು ಹೋದ ದಿನ ಜೌಗಿನ ಮರದ ಸೇತುವೆಯ ಮೇಲೆ ನೀನು ಹೇಳಿದ್ದು "ನಾನು ಬರ್ತೀನಿ" ಎಂದೋ, "ನಾನೂ ಬರ್ತೀನಿ" ಎಂದೋ? ಮೊದಲನೆಯದಾದರೆ ನೀನು ಮನೆಗೆ ಹೊರಟೆ ಎಂದರ್ಥ. ಎರಡನೆಯದಾದರೆ ನಿನಗಾಗಿ ನಾನು ನಿಲ್ಲಬೇಕಿತ್ತು. ಕವಿತೆ ಓದುವಾಗ ಒಂದು ದೀರ್ಘಕ್ಕೂ ತಲೆ ಕೆಡಿಸಿಕೊಳ್ಳುವ ನನಗೆ ಆ ಗಾಳಿಯಲ್ಲಿ ಸರಿಯಾಗಿ ಕೇಳಿಸಲಿಲ್ಲ. ಕೈಬೀಸಿ ಸಮುದ್ರದ ಕಡೆ ಓಡಿದೆ.

ನೀನು ತೀರಿಕೊಂಡ ಮೇಲೆ ಇವತ್ತೇ ಮೊದಲ ಸಲ ಆ ಹಾದಿಯಲ್ಲಿ ಓಡಲು ಹೊರಟೆ. ಜೊಂಡು ಆಳೆತ್ತರ ಬೆಳೆದಿದೆ. ಸೇತುವೆಯ ಹತ್ತಿರ ಪಕ್ಷಿಧಾಮದ ಕಾವಲುಗಾರ ನಕ್ಕು ಕೇಳಿದ: "ಒಬ್ಬರೇ ಬಂದ್ರಾ ಮೇಡಂ? ನಿಮ್ಮಕ್ಕ ಎಲ್ಲಿ?"

"ಹಿಂದೆ ಇದ್ದಾಳೆ, ಬರ್ತಾಳೆ" ಎಂದುಬಿಟ್ಟೆ.

ಹಾಗೆ ಹೇಳಿದ ಮೇಲೆ ಮುಂದೆ ಹೋಗುವುದು ಹೇಗೆ? ಸೇತುವೆಯ ಕಟಕಟೆ ಹಿಡಿದು ನಿಂತೆ. ಆಚೆ ಅಲೆಗಳ ಸದ್ದು ಕೇಳುತ್ತಿತ್ತು. ಕೊಕ್ಕರೆಗಳು ಒಂದೊಂದಾಗಿ ಎದ್ದುಹೋದವು. ಕಾವಲುಗಾರನೂ ಹೊರಟುಹೋದ. ಬಿಸಿಲು ಮೂಡಿದ ಮೇಲೆ ಬಂದ ದಾರಿಯಲ್ಲೇ ನಡೆದುಕೊಂಡು ಮನೆಗೆ ಬಂದೆ.

ಬೀಗ ತೆಗೆಯುತ್ತಿದ್ದಾಗ ಎದುರುಮನೆಯ ಟೀಚರ್ ಬಾಗಿಲಿಗೆ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಏನ್ರೀ ಇದು, ಬೆಳಿಗ್ಗೆನೇ ಓಡೋಕೆ ಅಂತ ಹೋದೋರು, ಒಂದು ಹನಿ ಬೆವರಿಲ್ದೆ ಬಂದಿದ್ದೀರಲ್ಲ" ಎಂದರು.