ಸೀಸೆಯಲ್ಲಿ ಸಾಕಿದ ರೋಗ

೯ ಫೆಬ್ರವರಿ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ಉತ್ತರ ತಡವಾಯಿತು. ಕ್ಷಮಿಸು ಎನ್ನುವಷ್ಟು ಪುರುಸೊತ್ತೂ ಇರಲಿಲ್ಲ. ಮಗು ತೊಡೆಯ ಮೇಲೆ ಮಲಗಿದೆ. ಉಸಿರಾಡುತ್ತಿದೆಯೇ ಎಂದು ಸಾಲಿಗೊಮ್ಮೆ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತೇನೆ. ಹಲ್ಲು ಬರುತ್ತಿದೆ. ತೂಕ ಸರಿಯಾಗಿದೆ. ನನ್ನ ನಿದ್ದೆಯ ಸುದ್ದಿ ಕೇಳಬೇಡ.

ಕೇಳಬೇಕಾದ್ದು ಪ್ರಯೋಗಾಲಯದ ಸುದ್ದಿ. ನಮ್ಮ ಮಹಾಮುನಿಗಳು ಒಂದು ರೋಗವನ್ನೇ ಗೆದ್ದುಬಿಟ್ಟಿದ್ದಾರೆ. ಯಾರು ಏನು ಹೇಳಿದರೂ ಕಣ್ಣು ಮುಚ್ಚಿಕೊಳ್ಳುವ ಪ್ರೊಫೆಸರಿಗೆ ನಾವಿಟ್ಟ ಹೆಸರು ನಿನಗೆ ಗೊತ್ತಲ್ಲ. ಮರಳುನೊಣ ಕಚ್ಚಿ ಮೈಗೆ ಸೇರಿ, ಜ್ವರ ತಂದು, ಹೊಟ್ಟೆಯೊಳಗಿನ ಗುಲ್ಮ ಊದಿಸಿ ಕೊಲ್ಲುವ ಒಂದು ಪರಾವಲಂಬಿ ಜೀವಿಯ ಮೇಲೆ ಅವರು ಆಯುಷ್ಯ ಸವೆಸಿದ್ದಾರೆ. ಸೂಕ್ಷ್ಮದರ್ಶಕ ಸವೆಸಿದವರು ಮಾತ್ರ ನಾವು. ಔಷಧ ಬಿದ್ದರೆ ಅದರ ಡಿಎನ್‌ಎ ತುಂಡಾಗುತ್ತದೆ. ಆದರೆ ಅದು ಹರಿದ ಬಟ್ಟೆಗೆ ಹೊಲಿಗೆ ಹಾಕಿದಂತೆ ತುಂಡುಗಳನ್ನು ಕೂಡಿಸಿಕೊಂಡು ಮತ್ತೆ ಎದ್ದು ಕೂರುತ್ತದೆ. ಆ ಹೊಲಿಗೆಯನ್ನು ತಡೆಯುವ ಔಷಧ ಹುಡುಕುವುದು ನನ್ನ ಕೆಲಸವಾಗಿತ್ತು.

ಹೆರಿಗೆಗೆ ಹೊರಟಾಗ ನನ್ನ ಜೀವಿಗಳನ್ನು ಇವರ ಕೈಗೆ ಒಪ್ಪಿಸಿದೆ. ಗಂಡ ಹೆಂಡತಿ ಒಂದೇ ಕಡೆ ದುಡಿಯುವುದರ ಸುಖ ಅದು. "ಸೀಸೆಯಲ್ಲೇ ಬಿಡಬೇಡಿ, ಆಗಾಗ ಇಲಿಗೆ ಚುಚ್ಚಿ, ಇಲಿಯ ಮೈಯಿಂದ ತೆಗೀರಿ" ಎಂದು ಹೇಳಿಯೂ ಬಂದೆ. ಸೀಸೆಯಲ್ಲೇ ಉಂಡು ಬೆಳೆದ ಜೀವಿ ರೋಗ ತರುವುದನ್ನೇ ಮರೆಯುತ್ತದೆ. ನೋಡಲು ದಷ್ಟಪುಷ್ಟ, ಒಳಗೆ ಟೊಳ್ಳು. ಈ ಕಟ್ಟಡದಲ್ಲಿ ಅಂಥವರಿಗೇ ಬಡ್ತಿ ಸಿಗುವುದು. ಇವರೋ, ಇಲಿ ಕಂಡರೆ ಮಾರು ದೂರ.

ಮೊನ್ನೆ ಮಗುವನ್ನು ಎತ್ತಿಕೊಂಡೇ ಅಲ್ಲಿಗೆ ಹೋಗಿದ್ದೆ. ಮಹಾಮುನಿಗಳು ಪರದೆಯ ಮೇಲೆ ಚಿತ್ರ ತೋರಿಸಿದರು. ಹೊಸ ಔಷಧ ಹಾಕಿದ ಸೀಸೆಯಲ್ಲಿ ಒಂದು ಜೀವಿಯೂ ಉಳಿದಿಲ್ಲ. ಚಪ್ಪಾಳೆಯೋ ಚಪ್ಪಾಳೆ.

"ಇವನ್ನ ಕೊನೇ ಸಲ ಇಲಿಗೆ ಕೊಟ್ಟಿದ್ದು ಯಾವಾಗ?" ಎಂದು ಕೇಳಿದೆ.

ಇವರು ಬೂಟಿನ ದಾರ ಕಟ್ಟಲು ಬಗ್ಗಿದರು.

"ಏನಮ್ಮ, ಮಗೂಗೆ ಹಲ್ಲು ಬಂತಾ?" ಎಂದರು ಮಹಾಮುನಿಗಳು.

"ಬರ್ತಾ ಇದೆ ಸರ್. ಇಲಿಗೆ ಕೊಟ್ಟಿದ್ದು ಯಾವಾಗ?"

"ಸತ್ತಿದೆ ತಾನೆ? ಸತ್ತೋರ ಊರು ಕೇರಿ ಕಟ್ಕೊಂಡು ನಿನಗೇನಾಗ್ಬೇಕು?"

"ಇವು ಸಾಕಿದ ಕುರಿ ಸರ್. ಕುರಿ ಕಡಿದು ಹುಲಿ ಹೊಡೆದೆ ಅಂದ್ರೆ ಹೇಗೆ?"

ಹಿಂದೆ ಯಾರೋ ಕಿಸಕ್ಕೆಂದರು. ಮಗು ಅಳತೊಡಗಿತು. ಅದೇ ನೆಪ ಸಾಕಾಗಿ ಸಭೆ ಎದ್ದಿತು.

ಹೆಪ್ಪುಗಟ್ಟಿಸಿಟ್ಟ ಹಳೆಯ ಜೀವಿಗಳಿವೆ, ಇಲಿಗೆ ಕೊಟ್ಟು ನಾನೇ ಮತ್ತೆ ಪರೀಕ್ಷೆ ಮಾಡುತ್ತೇನೆ ಎಂದೆ. "ರಜೆ ಮುಗಿಸ್ಕೊಂಡು ಬಾ, ನೋಡೋಣ" ಎಂದರು. ಅಷ್ಟರಲ್ಲಿ ಈ ಔಷಧದ ಪ್ರಬಂಧ ಅಚ್ಚಾಗಿರುತ್ತದೆ. ಅದನ್ನು ನಂಬಿದವರು ಇವತ್ತಲ್ಲ ನಾಳೆ ರೋಗಿಗಳಿಗೆ ಆ ಔಷಧ ಕೊಟ್ಟು ನೋಡುತ್ತಾರೆ. ಈ ಜ್ವರ ಹೆಚ್ಚಾಗಿ ಬರುವುದು ಮಕ್ಕಳಿಗೆ, ಅಕ್ಕ. ಹಾಗಾದರೆ ಪ್ರಬಂಧದಿಂದ ನನ್ನ ಹೆಸರು ತೆಗೆಯಿರಿ ಎಂದೆ. "ಹೆಸರಿದ್ರೆ ಕೆಲಸಾನೂ ಇರತ್ತೆ. ಯೋಚ್ನೆ ಮಾಡು" ಎಂದು ಕಣ್ಣು ಮುಚ್ಚಿಕೊಂಡರು.

ಯೋಚನೆ ಮಾಡಿದೆ. ಪ್ರಬಂಧ ಅಚ್ಚು ಹಾಕುವ ಪತ್ರಿಕೆಯ ಸಂಪಾದಕರಿಗೆ ಇದ್ದದ್ದನ್ನು ಇದ್ದ ಹಾಗೆ ನಿನ್ನೆ ಬರೆದು ಹಾಕಿದೆ. ಕೆಲಸ ಹೋಗಬಹುದು. ಹೋಗಲಿ, ಅಂಥ ಮಹಾನುಭಾವರ ಸಾಲಿನಲ್ಲಿ ಒಂದು ಕುರ್ಚಿ ಖಾಲಿಯಾದರೆ ಜಗತ್ತಿನ ವಿಜ್ಞಾನಕ್ಕೇನೂ ಕುತ್ತಿಲ್ಲ.

ಭಾವನವರಿಗೆ ನಮಸ್ಕಾರ ತಿಳಿಸು. ನಿನ್ನ ಮಕ್ಕಳಿಬ್ಬರೂ ಒಂದು ನೆಗಡಿಯೂ ಇಲ್ಲದೆ ನೂರು ವರ್ಷ ಬಾಳಲಿ ಎಂದು ಚಿಕ್ಕಮ್ಮ ಹರಸಿದ್ದಾಳೆ ಎನ್ನು.

ನಿನ್ನ
ಪುಟ್ಟಿ

ಮತ್ತೊಂದು ಮಾತು: ಅವತ್ತು ಮಹಾಮುನಿಗಳು ಬಾಗಿಲವರೆಗೂ ಬಂದು ನನ್ನ ಬೆನ್ನು ತಟ್ಟಿದರು. "ನಿನ್ನ ಗಂಡ ದೇವರಂಥೋನಮ್ಮ. 'ಹೆರಿಗೆ ಆದ್ಮೇಲೆ ಅವಳ ತಲೆ ಸರಿ ಇಲ್ಲ ಸರ್, ಏನಾದ್ರೂ ಅಂದ್ರೆ ಮನಸ್ಸಿಗೆ ಹಚ್ಕೋಬೇಡಿ' ಅಂತ ನೀನು ಬರೋಕೆ ಮುಂಚೇನೇ ಹೇಳಿದ್ದ" ಎಂದರು. ಇವರನ್ನು ನಾನಿನ್ನೂ ಏನೂ ಕೇಳಿಲ್ಲ. ಮೊದಲು ನಿನ್ನನ್ನು ಕೇಳುತ್ತೇನೆ. ಹುಟ್ಟಿದಾಗಿನಿಂದ ನನ್ನನ್ನು ಬೈದೇ ಬೆಳೆಸಿದವಳು ನೀನು. ಈಚಿನ ಪತ್ರಗಳಲ್ಲಿ ಒಂದು ಬೈಗುಳವೂ ಇಲ್ಲ. ನಿನಗೂ ಇವರು ಫೋನ್ ಮಾಡಿದ್ದರಾ, ಅಕ್ಕ?